ಗೌಡರ ತಲೆ ಮೇಲೆ ಕೂತ ಕಾಗೆ

"ಏಯ್, ಎಷ್ಟು ನೀರು ಸುರೀತೀಯಮ್ಮೀ ಅವಳ ಮ್ಯಾಕೆ? ಬಾಣಂತಿಗೆ ಎರೀತಿದೀಯೋ, ಎಮ್ಮೆ ತೊಳೀತಿದೀಯೋ? ನಾಲ್ಕನೇ ಬಕೀಟು ಕಣಮ್ಮೀ ಅದು! ನಿಮ್ಮಪ್ಪ ತೋಡ್ಸಿದ್ನಾ ಬೋರ್‌ವೆಲ್ಲು?"

ವಠಾರದ ಮಾಲೀಕ ಬೈರಪ್ಪಗೌಡರ ಗಂಟಲು ಅಂಗಳದ ಆಚೆಯಿಂದ ಬಂತು. ನಾನು ಬಚ್ಚಲಿನೊಳಗೆ ಸೀರೆ ಎತ್ತಿ ಕಟ್ಟಿಕೊಂಡು ನಿಂತಿದ್ದೆ. ಮಗಳು ಮಂಗಳ ಮಣೆಯ ಮೇಲೆ ಕೂತಿದ್ದಳು. ಮೈತುಂಬ ಹರಳೆಣ್ಣೆ, ತಲೆತುಂಬ ಸೀಗೆಪುಡಿ. ಹೆತ್ತು ತಿಂಗಳೂ ತುಂಬದ ಹಸಿಮೈ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ್ದೆ, ಗೋಡೆಯಲ್ಲಿ ತೂತಿಲ್ಲ. ಈ ಮುದುಕನಿಗೆ ಬಕೆಟ್ಟಿನ ಲೆಕ್ಕ ಹೇಗೆ ಸಿಕ್ಕಿತು ಎಂದು ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ ತಲೆಯ ಮೇಲೆ ಗುಂಯ್ ಎಂದಿತು.

ನಮ್ಮ ಬಚ್ಚಲಿಗೆ ಸೂರಿಲ್ಲ. ಹೋದ ಬೇಸಿಗೆಯ ಗಾಳಿಗೆ ಮೇಲಿನ ಶೀಟು ಹಾರಿಹೋಗಿ ಪಕ್ಕದ ಗಲ್ಲಿಯಲ್ಲಿ ಬಿದ್ದು ಚೂರಾಯಿತು. "ಗಾಳಿ ಬೆಳಕು ಚೆಂದಾಗ್ ಬತ್ತದೆ ಬುಡಿ" ಎಂದು ಬೈರಪ್ಪನವರು ಹಾಗೇ ಬಿಟ್ಟರು. ಆ ಗಾಳಿ ಬೆಳಕು ಬರುವ ಕಡೆಯಿಂದ ಈಗ ಅವರ ಮಗ ಭೈರೇಶನ ಡ್ರೋನು ಇಣುಕುತ್ತಿತ್ತು. ಕರ್ರಗೆ, ನಾಲ್ಕು ಮೂಲೆಗೆ ನಾಲ್ಕು ರೆಕ್ಕೆ, ಹೊಟ್ಟೆಯ ಕೆಳಗೆ ಒಂದೇ ಕಣ್ಣು.

"ಅವ್ವಾ!" ಎಂದು ಮಂಗಳ ಕಿರುಚಿ ಎರಡೂ ಕೈಯನ್ನು ಎದೆಗೆ ಅಡ್ಡ ಇಟ್ಟಳು. ನಾನು ಚೊಂಬಿನಲ್ಲಿದ್ದ ಬಿಸಿನೀರನ್ನು ಮೇಲಕ್ಕೆ ಎರಚಿದೆ. ಅರ್ಧ ದಾರಿ ಹೋಗಿ ನನ್ನ ಮೋರೆಗೇ ವಾಪಸು ಬಿತ್ತು. ಮೇಲೆ ನೋಡಿ ಉಗುಳಬೇಡ ಎಂದು ಹಿರಿಯರು ಹೇಳಿದ್ದು ಇದಕ್ಕೇ ಇರಬೇಕು.

ಹೆಗ್ಗನಹಳ್ಳಿಯ ಈ ಜಾಗ ಬೈರಪ್ಪನವರ ಅಪ್ಪನ ಕಾಲಕ್ಕೆ ರಾಗಿಹೊಲವಂತೆ. ತೆನೆ ಬಲಿತಾಗ ಆಳುಗಳು ಅಟ್ಟಣೆ ಹತ್ತಿ ಕೂತು, ಕವಣೆ ಬೀಸಿ ಹಕ್ಕಿ ಓಡಿಸುತ್ತಿದ್ದರಂತೆ. ಈಗ ಹೊಲದ ಮುಂಭಾಗದಲ್ಲಿ ಅವರ ಮೂರಂತಸ್ತಿನ ಗ್ರಾನೈಟು ಮನೆ, ಹಿಂದೆ ನಮ್ಮ ವಠಾರದ ಗೂಡುಗಳು. ಈಗ ಹಕ್ಕಿಯೇ ಆಳುಗಳನ್ನು ಕಾಯುತ್ತದೆ.

ಡ್ರೋನು ತಂದಿದ್ದು ಇದಕ್ಕಲ್ಲ, ಮದುವೆ ಶೂಟಿಂಗಿಗೆ. ಮೊದಲನೇ ಬೀಗರೂಟದಲ್ಲೇ ಭೈರೇಶ ಅದನ್ನು ಮಟನ್ ಸಾರಿನ ಕೊಪ್ಪರಿಗೆಯೊಳಗೆ ಇಳಿಸಿದ. ಬೀಗರು ಸೌಟು ಹಿಡಿದು ಅವನನ್ನು ಸುಂಕದಕಟ್ಟೆಯವರೆಗೆ ಅಟ್ಟಿಸಿಕೊಂಡು ಬಂದರು. ಆಮೇಲೆ ಅವನನ್ನು ಯಾರೂ ಕರೆಯಲಿಲ್ಲ. ರಿಪೇರಿಯಾಗಿ ಬಂದ ಯಂತ್ರವನ್ನು ನೋಡಿ ಬೈರಪ್ಪನವರು ಮಗನಿಗೆ ಹೇಳಿದ ಮಾತು ವಠಾರಕ್ಕೆಲ್ಲ ಕೇಳಿಸಿತ್ತು: "ಮನೇಲಿ ತಿಂದ್ಕಂಡು ಬಿದ್ದಿರಾಕೆ ನೀನೊಬ್ನೇ ಸಾಕು. ಅದನ್ನಾದ್ರೂ ದುಡಿಸು."

ಅವತ್ತಿನಿಂದ ಅದು ದುಡಿಯುತ್ತಿದೆ. ನಲ್ಲಿಯ ಹತ್ತಿರ ಯಾರು ಎಷ್ಟು ಬಿಂದಿಗೆ ಹಿಡಿದರು, ಯಾರ ಮನೆಗೆ ನೆಂಟರು ಬಂದರು, ಯಾರ ಹಗ್ಗದ ಮೇಲೆ ಯಾವ ಬಟ್ಟೆ. ಪಕ್ಕದ ಮನೆಯ ದಾನಮ್ಮ, ಸಿಂದಗಿ ಕಡೆಯವಳು, ಗಾರೆ ಕೆಲಸದವಳು, ಅವಳ ತಮ್ಮ ಬಂದು ಒಂದು ದಿನ ಉಳಿದುಕೊಂಡಿದ್ದಕ್ಕೆ ಗೌಡರು ಅಂಗಳದಲ್ಲೇ ಕೇಳಿದರು, "ಯಾವನೇ ಅವ್ನು, ಚಡ್ಡೀಲಿ ಟೆರೇಸ್ ಮ್ಯಾಲೆ ಓಡಾಡ್ತಿದ್ದೋನು?"

"ನಮ್ಮ ತಮ್ಮರೀ. ನಮ್ಮವ್ವ ಅವನ್ನ ಹಡಿಯೂ ಮುಂದ ನಿಮ್ಮ ಪರ್ಮಿಶನ್ ತಗೋಬೇಕಾಗಿತ್ತೇನು?" ಎಂದಳು ದಾನಮ್ಮ.

ನಾನು ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸದವಳು. ಅಲ್ಲಿಯೂ ತಲೆಯ ಮೇಲೆ ಕ್ಯಾಮೆರಾ ಇದೆ. ಉಚ್ಚೆಗೆ ಹೋಗಿ ತಡವಾದರೆ ಸೂಪರ್‌ವೈಸರು ಮೈಕಿನಲ್ಲಿ ಹೆಸರು ಕೂಗುತ್ತಾನೆ, "ಹೊಂಬಾಳಮ್ಮಾ, ನಿದ್ದೆ ಮಾಡ್ಬಿಟ್ಯಾ?" ಅದನ್ನೂ ನುಂಗಿಕೊಂಡಿದ್ದೆ. ಮನೆಗೆ ಬಂದು ಬಾಗಿಲು ಹಾಕಿಕೊಂಡರೆ ನನ್ನ ಮೈ ನನ್ನದು ಎಂಬ ಧೈರ್ಯವೊಂದಿತ್ತು.

ಮಂಗಳ ಅವತ್ತು ಅರೆಬರೆ ಎರೆದುಕೊಂಡು ಒಳಗೆ ಬಂದು ಗೋಡೆಗೆ ಮುಖ ಹಾಕಿ ಮಲಗಿದಳು. ಕೂಸು ಅತ್ತರೂ ತಿರುಗಲಿಲ್ಲ.

"ಅವ್ವಾ, ನಾನು ಊರಿಗೆ ಹೋಗ್ತೀನಿ. ಇಲ್ಲಿ ಇನ್ನು ಮೈಗೆ ನೀರು ಮುಟ್ಸಲ್ಲ."

"ಅಲ್ಲಿ ನಿಂಗೆ ಯಾರವರೇ? ಅತ್ತೆ ಇಲ್ಲ, ಗಂಡ ಟೆಂಪೋ ಹತ್ತಿದ್ರೆ ವಾರಕ್ಕೊಂದ್ಸಲ ಇಳೀತಾನೆ. ಎರೆಯೋರು ಯಾರು ನಿಂಗೆ?"

"ಎರೀದಿದ್ರೆ ಬೇಡ. ಆ ಭೈರೇಶ ಫೋನಲ್ಲಿ ನನ್ನ ಇಟ್ಕಂಡವ್ನೆ, ಅವ್ವಾ. ನಂಗೆ ಹಾಲೇ ಇಳೀತಿಲ್ಲ."

ಮೊದಲ ಬಾಣಂತನ ತವರಿನದು. ಹೊಟ್ಟೆಗಿಲ್ಲದವರೂ ಸಾಲ ಮಾಡಿಯಾದರೂ ಮಾಡುತ್ತಾರೆ. ಕಾಯಿಸಿದ ನೀರು, ಬೆಳ್ಳುಳ್ಳಿ ಸಾರು, ಸಾಂಬ್ರಾಣಿ ಹೊಗೆ. ಅದೊಂದಕ್ಕಾಗಿ ನಾನು ಸಂಬಳವಿಲ್ಲದ ರಜೆ ಹಾಕಿ ಕೂತಿದ್ದೆ. ನನ್ನ ಮಗಳನ್ನು ಹಸಿಮೈಯಲ್ಲಿ ಬಸ್ಸು ಹತ್ತಿಸುವುದೇ? ಸಿಟ್ಟು ಬಂತು, ಆದರೆ ಯಾವ ಕಡೆ ಬಿಡುವುದೆಂದು ಗೊತ್ತಾಗಲಿಲ್ಲ.

ನನ್ನ ಹಳೇ ಸೀರೆಯೊಂದನ್ನು ಬಚ್ಚಲಿನ ಗೋಡೆಯಿಂದ ಗೋಡೆಗೆ ಎಳೆದು ಕಟ್ಟಿದೆ. ಗಂಟು ಬಿಗಿಯುವಷ್ಟರಲ್ಲಿ ಬೈರಪ್ಪನವರು ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಬಂದು, ಕಸ ತೆಗೆಯುವ ಗಳುವಿನಿಂದ ಅದನ್ನು ಸಿಗಿದು ಕೆಳಗೆಳೆದರು.

"ನನ್ ಬಿಲ್ಡಿಂಗ್ ಮ್ಯಾಲೆ ನಿನ್ ಸೀರೆ ಹಾರಾಡ್ಬೇಕಾ? ಇದೇನು ನಿಮ್ಮ ಸಂಘದ ಬಾವುಟನಾ?"

"ಶೀಟು ಹಾಕ್ಸಿ ಗೌಡ್ರೇ. ಬಾಣಂತಿ ಇದಾಳೆ."

"ಹಾಕ್ಸಿದ್ರೆ ನೀವು ನೀರು ಎಷ್ಟು ಸುರ್ಕಂತೀರ ಅಂತ ಮ್ಯಾಲಿಂದ ಕಾಣಾಕಿಲ್ವಲ್ಲ!" ಎಂದರು. ಮುಚ್ಚುಮರೆ ಏನಿಲ್ಲ, ಆ ವಿಷಯದಲ್ಲಿ ಒಳ್ಳೆಯವರು. "ನಿಮ್ಮ ಜಾತಿ ಗೊತ್ತಿದ್ದೂ ಮನೆ ಕೊಟ್ಟಿವ್ನಿ ನಾನು. ಬೇರೆ ಯಾವನ್ ಕೊಡ್ತಾನೆ ಹೋಗಿ ನೋಡು. ಎರಡು ದಿನ ಹೊಟ್ಟೆಗೆ ಬಿತ್ತು ಅಂದ್ರೆ ಸಾಕು, ಮಾನ ಮರ್ವಾದೆ ಎಲ್ಲ ಬಂದ್ಬುಡ್ತದೆ ನಿಮ್ಗೆ!"

ನಾನು ಮತ್ತು ದಾನಮ್ಮ ಠಾಣೆಗೂ ಹೋದೆವು. ಅಲ್ಲಿ ದೂರು ಬರೆಯುವವರು ಪೂರಾ ಕೇಳಿ, ಪೆನ್ನಿನ ಹಿಂಬದಿಯಿಂದ ಕಿವಿ ಕೆರೆದುಕೊಂಡರು.

"ಪ್ರೂಫ್ ಏನೈತೆ? ವಿಡಿಯೋ ಐತಾ?"

"ವಿಡಿಯೋ ಅವರ ಹತ್ರ ಐತೆ ಸಾರ್."

"ಅದನ್ನ ಈಸ್ಕೊಂಡು ಬಾ."

"ನನ್ನ ಮಗಳು ಬಟ್ಟೆ ಇಲ್ದೆ ಇರೋದನ್ನ ನಾನು ತಂದು ನಿಮಗೆ ತೋರಿಸ್ಬೇಕಾ ಸಾರ್?"

"ನೋಡ್ದೆ ಹೆಂಗಮ್ಮ ಗೊತ್ತಾಗ್ತದೆ ಅಪರಾಧ ಅಂತ?" ಎಂದು ಅವರು ಪಕ್ಕದ ಪೇದೆಯ ಕಡೆ ತಿರುಗಿ ನಕ್ಕರು. "ಆಕಾಶ ಯಾರಪ್ಪನ ಆಸ್ತೀನೂ ಅಲ್ಲ ಕಣಮ್ಮ. ವಿಮಾನ ಹೋಗಲ್ವಾ? ಅದಕ್ಕೂ ಕಂಪ್ಲೇಂಟ್ ಕೊಡ್ತೀಯಾ?"

ಹೊರಗೆ ಬಂದ ಮೇಲೆ ದಾನಮ್ಮ ಠಾಣೆಯ ಕಾಂಪೌಂಡಿಗೆ ಎಲೆ ಅಡಿಕೆ ಉಗುಳಿದಳು. "ಇವರ ಮಾರಿಗಿಷ್ಟು ಬೆಂಕಿ ಹಚ್ಚ. ನಾಳೆ ನಾ ನಿಂತು ಕೌದಿ ಹಿಡೀತೀನಿ ನಡೀ ಅಕ್ಕಾ. ಯಾವ ಬಾಡ್ಯಾ ನೋಡ್ತಾನ ನೋಡೂಣು."

ಮರುದಿನ ಬೆಳಿಗ್ಗೆ ಮಂಗಳಳನ್ನು ಕಾಲು ಹಿಡಿದು ಒಪ್ಪಿಸಿ ಬಚ್ಚಲಿಗೆ ಕರೆತಂದೆ. ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ದಾನಮ್ಮ ತನ್ನ ದೊಡ್ಡ ಕೌದಿಯ ಎರಡು ತುದಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ಉಳಿದ ಎರಡನ್ನು ಹಿಡಿದು ಒಳಗೋಡೆಯ ಕಟ್ಟೆಯ ಮೇಲೆ ನಿಂತಳು. ಮಗಳ ತಲೆಗೆ ಸೀಗೆಪುಡಿ ಹಾಕಿ ತಿಕ್ಕುತ್ತಿದ್ದೆ. ಗುಂಯ್ ಎಂದು ಬಂದೇ ಬಂತು. ಮೇಲಿನಿಂದ ಕಾಣದ್ದಕ್ಕೆ ಗೋಡೆಯ ಮಟ್ಟಕ್ಕೆ ಇಳಿದು, ಕೌದಿಯ ಪಕ್ಕದಿಂದ ಮೂಗು ತೂರಿಸಿತು.

"ಬಂದ್ಯಾ ನನ್ನ ಮಿಂಡಾ!" ಎಂದ ದಾನಮ್ಮ ಕೌದಿಯನ್ನು ಕಿತ್ತು ಬೀಸಿ ಒಂದು ಬಿಟ್ಟಳು. ದಿನವಿಡೀ ಜಲ್ಲಿ ಹೊರುವ ತೋಳು ಅದು. ಡ್ರೋನು ಗಿರಗಿರ ತಿರುಗಿ, ಅಂಗಳ ದಾಟಿ, ಮನೆಯ ಹಿಂಬಾಗಿಲಲ್ಲಿ ಕಾಫಿ ಕುಡಿಯುತ್ತಾ ನಿಂತಿದ್ದ ಬೈರಪ್ಪನವರ ಬೋಳುತಲೆಯ ಮೇಲೆ ಹೋಗಿ ಕೂತಿತು. ಪಟಪಟ ಎಂದು ಎರಡು ಸಲ ರೆಕ್ಕೆ ಬಡಿದು, ಉರುಳಿ ಕೆಳಗೆ ಬಿತ್ತು. ತಲೆ ತರಚಿತ್ತು, ಅಷ್ಟೇ. ಕಾಫಿ ಪೂರಾ ಲುಂಗಿಯ ಮೇಲೆ.

ಮೆಟ್ಟಿಲ ಮೇಲೆ ಸೊಪ್ಪು ಸೋಸುತ್ತಾ ಕೂತಿದ್ದ ಪಾಪಮ್ಮ, ಬೈರಪ್ಪನವರ ತಾಯಿ, ಮೊರ ಎಸೆದು ಎದೆ ಬಡಿದುಕೊಂಡರು.

"ಅಯ್ಯಯ್ಯೋ, ಮುಟ್ತಲ್ಲಪ್ಪೋ! ನೆತ್ತಿ ಮುಟ್ತಲ್ಲಪ್ಪೋ! ನನ್ ಮಗನ ತಲೆ ಮ್ಯಾಲೆ ಕಾಗೆ ಕೂತ್ಕಂತಲ್ಲಪ್ಪೋ!"

ಟೆರೇಸಿನಿಂದ ರಿಮೋಟು ಹಿಡಿದು ಓಡಿ ಬಂದ ಭೈರೇಶ, "ಅಜ್ಜಿ, ಅದು ಡ್ರೋನು. ಕಾಗೆ ಅಲ್ಲ" ಎಂದ.

"ಕರ್ರಗೈತೆ. ಹಾರ್ತದೆ. ಕಂಡೋರ ಮನೆ ಇಣುಕ್ತದೆ. ಇನ್ನೇನ್ಲಾ ಬೇಕು ಕಾಗೆಗೆ?"

ನಗಬೇಡಿ. ಕಾಗೆ ತಲೆ ಮುಟ್ಟಿದರೆ ಆ ಮನುಷ್ಯನಿಗೆ ಸಾವು ಬೆನ್ನು ಹತ್ತಿತೆಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ಪರಿಹಾರ ಒಂದೇ. ಅವನು ಸತ್ತನೆಂದು ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಿಜವೆಂದು ನಂಬಿ ಬಾಯಿ ಬಡಿದುಕೊಂಡು ಅಳಬೇಕು. ಆ ಅಳುವನ್ನು ಕೇಳಿ ಸಾವು ತನ್ನ ಕೆಲಸ ಆಯಿತೆಂದು ಹೊರಟುಹೋಗುತ್ತದೆ. ಬೈರಪ್ಪನವರ ಅಪ್ಪನಿಗೂ ಒಮ್ಮೆ ಕಾಗೆ ಮುಟ್ಟಿತ್ತಂತೆ, ಉಡಾಫೆ ಮಾಡಿ ಸುದ್ದಿ ಕಳಿಸದೆ ಕೂತರಂತೆ, ಮುಂದಿನ ಅಮಾವಾಸ್ಯೆಗೆ ಹೆಣವಾದರಂತೆ. ಅದಕ್ಕೇ ಗೌಡರ ಮುಖ ಬಿಳುಚಿಕೊಂಡು ಹೋಗಿತ್ತು.

ಮಂಗಳಳಿಗೆ ಕೌದಿ ಸುತ್ತಿ ಮನೆಗೆ ಕಳಿಸಿದೆ. ತಲೆಯಲ್ಲಿ ಸೀಗೆಪುಡಿ ಹಾಗೇ ಇತ್ತು. ಪಾಪಮ್ಮ ನನ್ನ ಕಡೆ ಕೈ ತೋರಿಸಿದರು.

"ಏ ಹೊಂಬಾಳೀ, ಬಾ ಇಲ್ಲಿ. ನಿಮ್ಮೋರೇ ಅಲ್ವಾ ಸಾವಿನ ಸುದ್ದಿ ಒಯ್ಯೋರು? ಮನೆಯೋರು ಹೇಳಿದ್ರೆ ದೋಸ ಹೋಗಾಕಿಲ್ಲ. ಸುಂಕದಕಟ್ಟೇಲಿ ನನ್ ಮಗಳವ್ಳಲ್ಲ ಕುಸುಮಾ, ಅವ್ಳಿಗೆ ಹೇಳು. ಅವ್ಳು ಅತ್ತ ಮ್ಯಾಲೆ, ಬದುಕವ್ನೆ ಅಂತಾನೂ ನೀನೇ ಹೇಳ್ಬೇಕು. ಅಲ್ಲೀಗಂಟ ಇವ್ನು ಸತ್ತಂಗೇ ಲೆಕ್ಕ. ಹೊಸ್ತಿಲು ದಾಟಂಗಿಲ್ಲ. ಲೋ ಬೈರಾ, ಮುಟ್ಟಿದ ತಲೆ ಒಳೀಕ್ ತರ್ಬೇಡ, ಹೋಗು, ಅಲ್ಲೇ ವಠಾರದ ಬಚ್ಚಲಲ್ಲಿ, ಅವ್ಳು ಬಂದು ಅಳೋಗಂಟ ತಣ್ಣೀರು ಹುಯ್ಕತಾ ಇರು."

ನಮ್ಮ ತಾತ ಮಾಗಡಿ ಸೀಮೆಯಲ್ಲಿ ಗೌಡರ ಮನೆಗಳ ಸಾವಿನ ಸುದ್ದಿ ಹೊತ್ತು ಊರೂರು ಓಡಿದವನು. ಬಿಸಿಲಾಗಲಿ, ಮಳೆಯಾಗಲಿ, ಜಗಲಿಯ ಕೆಳಗೆ ನಿಂತು ಕೂಗಿ ಹೇಳಬೇಕು. ಹೇಳಿದ್ದಕ್ಕೆ ಮೇಲಿನಿಂದ ಮೊರದಲ್ಲಿ ರಾಗಿ ಸುರಿಯುತ್ತಿದ್ದರು, ಅರ್ಧ ಸೆರಗಿಗೆ, ಅರ್ಧ ಮಣ್ಣಿಗೆ. ಹೊಲಗೇರಿಯ ಆ ಚಾಕರಿ ಅವನೊಂದಿಗೇ ಸತ್ತಿತು ಎಂದುಕೊಂಡಿದ್ದೆ. ಬೆಂಗಳೂರಿನಲ್ಲಿ, ಗ್ರಾನೈಟಿನ ಮೆಟ್ಟಿಲ ಕೆಳಗೆ ನಿಲ್ಲಿಸಿ ಮತ್ತೆ ನನ್ನ ತಲೆಗೆ ಕಟ್ಟಿದರು. ಆಗಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಪಾಪಮ್ಮ ತಮ್ಮ ದೊಡ್ಡ ಫೋನನ್ನು ನನ್ನ ಕೈಗೆ ತುರುಕಿದರು. ಅದರ ಮೇಲೆ ಅವರ ಇಡೀ ವಂಶದ ವಾಟ್ಸಾಪ್ ಗ್ರೂಪು ತೆರೆದಿತ್ತು.

ಬಾಯಿ ಮುಚ್ಚಿದೆ. ಕುಸುಮಾ ಒಬ್ಬಳು ಅತ್ತರೆ ಇಂಥ ದೊಡ್ಡ ಮನುಷ್ಯರಿಗೆ ಸಾಲುತ್ತದೆಯೇ?

ಮೈಕು ಒತ್ತಿ ಹಿಡಿದು, ತಾತನನ್ನು ನೆನೆದು, ಗಂಟಲು ತೆರೆದೆ. "ಅಯ್ಯೋ, ಹೋದ್ರಲ್ಲಪ್ಪೋ ನಮ್ಮ ಬೈರಪ್ಪನೋರು! ನಿಂತಂಗೇ ನಿಂತಿದ್ರು, ಕೈಯಾಗೆ ಕಾಫಿ ಲೋಟ! ಮ್ಯಾಲಿಂದ ಏನೋ ಬಂತು, ತಲೆ ಮ್ಯಾಲೆ ಕೂತ್ಕಂತು, ಮುಗೀತಪ್ಪೋ! ಇರೋರೆಲ್ಲ ಬನ್ರಪ್ಪೋ, ಮುಖ ನೋಡ್ಕಳ್ರಪ್ಪೋ!" ಒಂದು ಸುಳ್ಳೂ ಸೇರಿಸಲಿಲ್ಲ, ಮೊದಲನೆಯದನ್ನು ಬಿಟ್ಟರೆ. ಹಿಂದಿನಿಂದ ದಾನಮ್ಮ, "ನನ್ನ ಹಾಲುಂಡ ಗೌಡಾ, ಎಲ್ಲಿ ಹ್ವಾದ್ಯೋ" ಎಂದು ಅವರ ಕಡೆಯ ರಾಗದಲ್ಲಿ ಎತ್ತಿಕೊಂಡಳು. ಪಾಪಮ್ಮನಿಗೇ ಕಣ್ಣಲ್ಲಿ ನೀರು ಬಂತು.

ಮೊದಲು ಕುಸುಮಾ ಸ್ಕೂಟರಿನಲ್ಲಿ ಬಂದಳು. ಆಮೇಲೆ ಗೋವಿಂದರಾಜನಗರದ ದೊಡ್ಡಪ್ಪನ ಮಕ್ಕಳು, ಕೆಂಗೇರಿಯ ಬೀಗರು, ಯಾರೋ ಹಾರ, ಯಾರೋ ಊದುಬತ್ತಿ. ಗಲ್ಲಿಯ ತುಂಬ ಬೈಕು. ಹೆಣ ಎಲ್ಲಿ ಎಂದು ಹುಡುಕುತ್ತಾ ಒಂದಷ್ಟು ಜನ ಹೊರಗಿನ ಮೆಟ್ಟಿಲು ಹತ್ತಿ ಮಹಡಿಗೆ ಹೋದರು. ಮಹಡಿಯ ಹಿಂದಿನ ಅಂಚಿಗೆ ಬಂದು ಬಗ್ಗಿದರೆ ನಮ್ಮ ಬಚ್ಚಲು ತಟ್ಟೆಯಲ್ಲಿಟ್ಟ ಹಾಗೆ ಕಾಣುತ್ತದೆ.

"ಅಣ್ಣಾ!" ಎಂದು ಕುಸುಮಾ ಚೀರಿದಳು.

ಸತ್ತ ಅಣ್ಣ ಮೈಮೇಲೆ ನೂಲಿಲ್ಲದೆ ನಿಂತು ನಡುಗುತ್ತಾ ತಲೆಗೆ ತಣ್ಣೀರು ಸುರಿದುಕೊಳ್ಳುತ್ತಿದ್ದ. ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬೆರಳ ಸಂದಿಯಿಂದ ನೋಡಿದರು. ಹುಡುಗರು ಫೋನು ತೆಗೆದರು.

"ನೋಡ್ಬ್ಯಾಡ್ರೋ!" ಬೈರಪ್ಪನವರು ಚೊಂಬನ್ನು ಹಿಡಿಯಬೇಕಾದ ಕಡೆ ಹಿಡಿದುಕೊಂಡು ಬೊಬ್ಬೆ ಹಾಕಿದರು. "ಬಚ್ಚಲಾಗಿರೋರ್ನ ನೋಡ್ತಾರೇನ್ರೋ ಮಾನಗೆಟ್ಟೋರಾ! ಅಮ್ಮಾ, ಮೇಲೆ ಏನಾದ್ರೂ ಮುಚ್ರೇ!"

"ಗಾಳಿ ಬೆಳಕು ಚಲೋ ಬರ್ತೈತಿ ಬಿಡ್ರಿ ಗೌಡ್ರ" ಎಂದಳು ದಾನಮ್ಮ.

ಟವೆಲ್ ಸುತ್ತಿಕೊಂಡು ಹೊರಗೆ ಬಂದು ಮನೆಯೊಳಗೆ ನುಗ್ಗಲು ಹೋದರು. ಪಾಪಮ್ಮ ಊರುಗೋಲನ್ನು ಬಾಗಿಲಿಗೆ ಅಡ್ಡ ಹಿಡಿದರು. "ನಿಂತ್ಕಳ್ಳೋ! ನೀನಿನ್ನೂ ಸತ್ತಿದೀಯ. ಏ ಹೊಂಬಾಳೀ, ಎಲ್ರೂ ಅತ್ತಾಯ್ತು, ಬದುಕವ್ರೆ ಅಂತ ಹೇಳೇ!"

ಅಂಗಳದಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನನ್ನ ಕಣ್ಣ ಮುಂದೆ ಮಂಗಳಳೇ ಇದ್ದಳು, ಸೀಗೆಪುಡಿ ಒಣಗಿ ಬಿಗಿದ ಕೂದಲಲ್ಲಿ ಕೂಸನ್ನು ಅಪ್ಪಿಕೊಂಡು ಗೋಡೆಗೆ ಒರಗಿದವಳು.

"ಹೇಳ್ತೀನಿ ಪಾಪಮ್ಮೋರೇ. ಬಚ್ಚಲಿಗೆ ಶೀಟು ಹಾಕ್ಸಿ, ಹೇಳ್ತೀನಿ."

"ಏನಂದೇ ಲೌಡಿ?" ಬೈರಪ್ಪನವರು ಟವೆಲ್ ಹಿಡಿದುಕೊಂಡೇ ಮುಂದೆ ಬಂದರು. "ನನ್ನ ಬದುಕ್ಸಾಕೆ ನೀನ್ಯಾವಳೇ? ನಾಳೆನೇ ನಿನ್ ಪಾತ್ರೆ ಪಗಡಿ ಬೀದಿಗೆ ಎಸೀತೀನಿ, ಮನೆ ಖಾಲಿ ಮಾಡ್ಸ್ತೀನಿ!"

"ಸತ್ತೋರು ಮನೆ ಖಾಲಿ ಮಾಡ್ಸಕ್ಕಾಗಲ್ಲ ಗೌಡ್ರೇ."

ನೆಂಟರಲ್ಲಿ ಯಾರೋ ಕಿಸಕ್ ಎಂದರು. ಭೈರೇಶ ನಡುವೆ ಬಂದು, "ಅಪ್ಪ, ಸುಮ್ನೆ ಒಳಗೆ ಬಾ ಗುರು, ಇದೆಲ್ಲ ಸೂಪರ್‌ಸ್ಟಿಷನ್ನು" ಎಂದ. ಬೈರಪ್ಪನವರು ಒಂದು ಕಾಲು ಎತ್ತಿದರು. ಹೊಸ್ತಿಲ ಕಡೆ ನೋಡಿದರು. ಅಪ್ಪನ ನೆನಪಾಯಿತೋ ಏನೋ, ಕಾಲು ಹಾಗೇ ಇಳಿಸಿದರು. ಹಲ್ಲು ಕಟಕಟ ಎನ್ನುತ್ತಿತ್ತು.

"ಹಾಕ್ರೋ" ಎಂದರು. "ಏನೋ ಒಂದು ಹಾಕಿ ಸಾಯ್ರೋ."

"ಆ ಯಂತ್ರಾನೂ, ಅದರ ಮೆಮೊರಿ ಚಿಪ್ಪೂ" ಎಂದೆ. "ಫೋನಲ್ಲಿರೋದನ್ನ ಕುಸುಮಕ್ಕನ ಮುಂದೆ ಅಳಿಸ್ಬೇಕು."

"ಫೋನಲ್ಲಿ ಏನ್ಲಾ ಐತೆ?" ಎಂದು ಕುಸುಮಾ ಭೈರೇಶನ ಕೈಯಿಂದ ಫೋನು ಕಿತ್ತುಕೊಂಡಳು. ನೋಡಿದಳು. ಅವಳ ಮುಖದ ಬಣ್ಣವೇ ಬದಲಾಯಿತು. ಒಂದೊಂದನ್ನೇ ಅಳಿಸಿದಳು. ಆಮೇಲೆ ಸೋದರಳಿಯನ ಕೆನ್ನೆಗೆ ಬಿಟ್ಟ ಏಟು ಗಲ್ಲಿಯ ತುದಿಯವರೆಗೆ ಕೇಳಿಸಿರಬೇಕು. ಚಿಪ್ಪನ್ನು ನಾನು ಹಂಡೆಯ ಒಲೆಗೆ ಹಾಕಿದೆ. ದಾನಮ್ಮ ಡ್ರೋನನ್ನು ಎರಡು ಕೈಯಲ್ಲಿ ಹಿಡಿದು ಸೋಪಿನ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ಗುಳುಗುಳು ನಿಲ್ಲುವವರೆಗೂ ಅದುಮಿ ಹಿಡಿದಳು. "ಇದಕ್ಕೂ ಒಂದು ಜಳಕಾ ಆಗ್ಲಿ."

ಗೋವಿಂದರಾಜನಗರದವರು, ಕೆಂಗೇರಿಯವರು, ಸಾವಿಗೆ ಬಂದ ಬಿಳಿ ಬಟ್ಟೆಯಲ್ಲೇ, ಗೌಡರ ಕಾರ್ ಶೆಡ್ಡಿನ ತಗಡು ಬಿಚ್ಚಿ ತಂದು ನಮ್ಮ ಬಚ್ಚಲಿನ ಗೋಡೆ ಹತ್ತಿದರು. ಮೊಳೆ ಹೊಡೆಯುವಾಗ ದಾನಮ್ಮ ಕೆಳಗಿನಿಂದ ಮೇಸ್ತ್ರಿಯ ಹಾಗೆ ಕೂಗುತ್ತಿದ್ದಳು, "ಎಡಕ್ಕ ಸರೀರಿ ಬೀಗ್ರ, ಸಂದಿ ಬಿಡಬ್ಯಾಡ್ರಿ!"

ಮಂಗಳಳನ್ನು ಕರೆತಂದು ಚಿಲಕ ಹಾಕಿದೆ. ಒಳಗೆ ಕತ್ತಲಾಗಿತ್ತು. ಎಷ್ಟೋ ತಿಂಗಳ ಮೇಲೆ ಆ ಬಚ್ಚಲಿನಲ್ಲಿ ಹಬೆ ನಿಂತಿತು. ಅವಳು ಒಮ್ಮೆ ಮೇಲೆ ನೋಡಿದಳು, ಆಮೇಲೆ ಎದೆಯ ಮೇಲಿನ ಕೈ ತೆಗೆದಳು. ನಾಳೆ ಈ ಗೌಡ ನಮ್ಮನ್ನು ಇಲ್ಲಿ ಇಟ್ಟುಕೊಳ್ಳುವುದಿಲ್ಲ, ನನಗೆ ಗೊತ್ತು. ಇವತ್ತಿನ ನೀರು ಇವತ್ತಿಗೆ. ಸುಡುಸುಡು ನೀರನ್ನು ಬೆನ್ನಿಗೆ ಬಡಿದೆ. "ಅವ್ವಾ, ಉರೀತದೆ" ಎಂದು ಅವಳು ನಕ್ಕಳು. ಹೆತ್ತ ಮೇಲೆ ಅವಳು ನಕ್ಕಿದ್ದನ್ನು ಕೇಳಿದ್ದು ಅದೇ ಮೊದಲು.

ಬಾಗಿಲು ಬಡಿದರು. ಹೊರಗೆ ಬೈರಪ್ಪನವರ ದನಿ ಈಗ ಬಹಳ ಸಣ್ಣಗಾಗಿತ್ತು.

"ಹೊಂಬಾಳಮ್ಮಾ, ಚಳಿ ತಡೆಯಾಕಾಗ್ತಿಲ್ಲ ಕಣವ್ವಾ. ಬದುಕಿವ್ನಿ ಅಂತ ಒಂದು ಮಾತು ಹೇಳ್ಬುಡವ್ವಾ."

"ಸ್ವಲ್ಪ ಸತ್ತಿರಿ ಗೌಡ್ರೇ" ಎಂದೆ. "ಇನ್ನೂ ಕೂಸಿಗೆ ಎರೀಬೇಕು."